54 ಅಶ್ವಶಕ್ತಿ, 510 ಅಶ್ವಶಕ್ತಿ ಮತ್ತು ಮೇಲುಕೋಟೆಯ ರಸ್ತೆ

ಮೈಸೂರಿನ ಯಾದವಗಿರಿಯ ಒಂದೇ ರಸ್ತೆಯಲ್ಲಿ, ಎದುರುಬದುರು ಮನೆಗಳಲ್ಲಿ, ಎಂಜಿ ಎಂಬ ಎಂಟು ಮೂಲೆಯ ಲಾಂಛನ ಹೊತ್ತ ಎರಡು ಕಾರುಗಳಿವೆ. ಒಂದು ನನ್ನ ಸೋದರಮಾವನದು, 1948ರ ಎಂಜಿ ಟಿಸಿ. ಇನ್ನೊಂದು ಎದುರುಮನೆಯ ಡಾಕ್ಟರದು, 2025ರಲ್ಲಿ ಭಾರತಕ್ಕೆ ಬಂದ ವಿದ್ಯುತ್ ಕಾರು ಸೈಬರ್‌ಸ್ಟರ್. ಎರಡಕ್ಕೂ ಎರಡೇ ಸೀಟು. ಎರಡರ ಚಾವಣಿಯೂ ತೆರೆಯುತ್ತದೆ. ಸ್ಪೋರ್ಟ್ಸ್ ಕಾರು ಬೇಕೆಂಬ ಹಂಬಲ ಬಿಟ್ಟರೆ ಇವುಗಳನ್ನು ಕೊಳ್ಳಲು ಇಬ್ಬರಿಗೂ ಬೇರೆ ಕಾರಣ ಇರಲಿಲ್ಲ. ಅಲ್ಲಿಗೆ ಸಾಮ್ಯ ಮುಗಿಯಿತು.

ಸಂಜೆಯ ವಾಕಿಂಗ್ ಮುಗಿಸಿ ಗೇಟಿನ ಬಳಿ ನಿಂತರೆಂದರೆ ಇಬ್ಬರಿಗೂ ಇದೇ ಮಾತು. “ನೀವು ಕೂತಿರುತ್ತೀರಿ, ಅದು ಹೋಗುತ್ತದೆ. ಓಡಿಸುವುದು ಎಂದರೆ ಅದಲ್ಲ ಡಾಕ್ಟರೇ” ಎಂದು ಮಾವ. “ಹಿಂದಿನದೇ ಚೆನ್ನ ಎಂದು ಹೊರಟರೆ ನಾನು ಈಗಲೂ ಕ್ಲೋರೋಫಾರ್ಮ್ ಕೊಟ್ಟು ಆಪರೇಷನ್ ಮಾಡಬೇಕಾಗುತ್ತದೆ ಸರ್” ಎಂದು ಡಾಕ್ಟರು. ಇಬ್ಬರ ಕಾರನ್ನೂ ಓಡಿಸಬಲ್ಲವಳು ನಾನೊಬ್ಬಳೇ ಆದ್ದರಿಂದ ಪಂಚಾಯಿತಿ ನನ್ನ ತಲೆಗೆ ಬಂತು. ಸಂಕ್ರಾಂತಿ ಕಳೆದ ಮೇಲಿನ ಒಂದು ಭಾನುವಾರ, ಎರಡೂ ಕಾರುಗಳನ್ನು ಹೊರಡಿಸಿಕೊಂಡು ಮೇಲುಕೋಟೆಗೆ ಹೋಗಿ ಬರುವುದೆಂದು ತೀರ್ಮಾನವಾಯಿತು. ಹೋಗುವಾಗ ನನಗೆ ಟಿಸಿ, ಬರುವಾಗ ಸೈಬರ್‌ಸ್ಟರ್. ಮೇಲುಕೋಟೆಯನ್ನು ಆರಿಸಿದ್ದು ನಾನೇ. ಅಲ್ಲಿಗೆ ಐವತ್ತು ಕಿಲೋಮೀಟರ್ ಆಸುಪಾಸು. ಅಷ್ಟರಲ್ಲೇ ಊರ ರಸ್ತೆ, ಹೊಳೆಯ ಸೇತುವೆ, ಗದ್ದೆ ಬಯಲಿನ ನೇರ ದಾರಿ, ಕಬ್ಬಿನ ನಡುವಿನ ತಿರುವು, ಕೊನೆಗೆ ಬೆಟ್ಟದ ಏರು ಎಲ್ಲವೂ ಸಿಗುತ್ತವೆ. ಕಾರಿನ ಗುಣ ಗೊತ್ತಾಗಲು ಇಷ್ಟು ಬೇಕು, ಇಷ್ಟು ಸಾಕು.

ಟಿಸಿಯ ಬಗ್ಗೆ ಸ್ವಲ್ಪ ಹೇಳದೆ ಮುಂದೆ ಹೋಗಲಾರೆ. ಎರಡನೆಯ ಮಹಾಯುದ್ಧ ಮುಗಿದ 1945ರಲ್ಲೇ ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ ಇದರ ತಯಾರಿ ಶುರುವಾಯಿತು. 1949ರವರೆಗೆ ಸುಮಾರು 10,000 ಕಾರುಗಳು ಹೊರಬಂದವು. ವಿನ್ಯಾಸ ಮಾತ್ರ ಯುದ್ಧಕ್ಕೂ ಹಿಂದಿನದು. ಉಕ್ಕಿನ ಚಾಸಿ, ಅದರ ಮೇಲೆ ಆಶ್ ಮರದ ಚೌಕಟ್ಟು, ಚೌಕಟ್ಟಿಗೆ ಹೊಡೆದ ತಗಡು. ಹಿಂದೂ ಮುಂದೂ ಗಟ್ಟಿ ಅಚ್ಚು, ಅದಕ್ಕೆ ಕಮಾನುಪಟ್ಟಿ. 1250 ಸಿಸಿಯ ಎಂಜಿನ್ನಿಗೆ 54 ಅಶ್ವಶಕ್ತಿ. ಸಿಲಿಂಡರಿನ ವ್ಯಾಸ 66.5 ಮಿಲಿಮೀಟರ್, ಪಿಸ್ಟನ್ನಿನ ಓಟ 90. ಇಷ್ಟು ಸಪೂರವಾಗಿ, ಉದ್ದವಾಗಿ ಮಾಡುವುದು ಅಲ್ಲಿ ಆಗ ರೂಢಿಯಾಗಿತ್ತು. ಬ್ರಿಟನ್ನಿನಲ್ಲಿ ಕಾರಿನ ತೆರಿಗೆಯನ್ನು ಸಿಲಿಂಡರಿನ ವ್ಯಾಸ ಅಳೆದು ಹಾಕುತ್ತಿದ್ದರು, ಪಿಸ್ಟನ್ನಿನ ಓಟವನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ತೆರಿಗೆ ಉಳಿಸಲು ಬಂದ ಆ ಆಕಾರದಿಂದ ಎಂಜಿನ್ನಿಗೆ ನಿಧಾನವಾಗಿ ತಿರುಗುವಾಗಲೂ ಎಳೆಯುವ ಕಸುವು ದಕ್ಕಿತು. ಮುಂದೆ 1961ರಲ್ಲಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದ ಫಿಲ್ ಹಿಲ್, ಕೋಬ್ರಾ ಕಾರಿನಿಂದ ಹೆಸರಾದ ಕ್ಯಾರಲ್ ಶೆಲ್ಬಿ, ಇಬ್ಬರೂ ರೇಸಿಗೆ ಇಳಿದ ಆರಂಭದ ದಿನಗಳಲ್ಲಿ ಓಡಿಸಿದ್ದು ಟಿಸಿಯನ್ನೇ.

ಮಾವನಿಗೆ ಇದು ಸಿಕ್ಕಿದ್ದು ಕೊಡಗಿನ ಒಂದು ಕಾಫಿ ತೋಟದ ಶೆಡ್ಡಿನಲ್ಲಿ, ಸೀಟಿನ ಹಿಂದಿನ ಜಾಗದಲ್ಲಿ ಕೋಳಿ ಕಾವು ಕೂತಿದ್ದಾಗ. ನಂಬರ್ ಇನ್ನೂ ‘ಎಂವೈ’ ಎಂದೇ ಆರಂಭವಾಗುತ್ತದೆ, ಹಳೆಯ ಮೈಸೂರು ರಾಜ್ಯದ ಕಾಲದ್ದು. 50 ವರ್ಷ ದಾಟಿದ ವಾಹನಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ನೋಂದಣಿ ತಂದಿತು. ನಂಬರಿನಲ್ಲಿ ‘ವಿಎ’ ಎಂಬ ಗುರುತಿರುತ್ತದೆ. ಆದರೆ ಹಾಗೆ ನೋಂದಾಯಿಸಿದ ಕಾರನ್ನು ಪ್ರದರ್ಶನಕ್ಕೋ, ರ‍್ಯಾಲಿಗೋ, ರಿಪೇರಿಗೋ ಹೊರತೆಗೆಯಬಹುದೇ ಹೊರತು ದಿನಬಳಕೆಗೆ ಓಡಿಸುವಂತಿಲ್ಲ. ಮಾವ ಅದರ ಗೊಡವೆಗೆ ಹೋಗಲಿಲ್ಲ. ಐದು ವರ್ಷಕ್ಕೊಮ್ಮೆ ಹಳೆಯ ನೋಂದಣಿಯನ್ನೇ ನವೀಕರಿಸಿಕೊಂಡು ಬರುತ್ತಿದ್ದಾರೆ. ಓಡದ ಕಾರನ್ನು ಇಟ್ಟುಕೊಂಡು ಏನು ಮಾಡಲಿ ಎನ್ನುವುದು ಅವರ ವಾದ. ಅದರಲ್ಲಿ ನಾನೂ ಅವರ ಪಕ್ಷ.

ಬೆಳಗ್ಗೆ ಆರಕ್ಕೆ ಮೇಸ್ತ್ರಿಗಳು ಬಂದರು. ಮಾವನ ಕಾರಿಗೆ ಅವರು ಬಿಟ್ಟರೆ ಬೇರೆಯವರು ಕೈ ಹಾಕುವುದಿಲ್ಲ. ಯೌವನದಲ್ಲಿ ಇದೇ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಕೆಲಸ ಕಲಿತವರು. 1961ರಿಂದ ಜಾವಾ, ಆಮೇಲೆ ಯೆಜ್ದಿ ಬೈಕುಗಳನ್ನು ದೇಶಕ್ಕೆಲ್ಲ ಕೊಟ್ಟ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ಪಳಗಿದ ಕೈಗಳು ಊರ ತುಂಬಾ ಗ್ಯಾರೇಜುಗಳಾಗಿ ಹರಡಿಕೊಂಡವು. ಮೇಸ್ತ್ರಿಗಳ ಗ್ಯಾರೇಜು ಮಂಡಿ ಮೊಹಲ್ಲಾದಲ್ಲಿದೆ. ಬಂದವರೇ ಪೆಟ್ರೋಲ್ ಟ್ಯಾಂಕಿಗೆ ಬಿದಿರಿನ ಕಡ್ಡಿ ಇಳಿಸಿ ಮಟ್ಟ ನೋಡಿದರು. ಈ ಕಾರಿನಲ್ಲಿ ಪೆಟ್ರೋಲ್ ತೋರಿಸುವ ಮುಳ್ಳಿಲ್ಲ. ಕಡ್ಡಿಗಳ ಚಕ್ರಗಳನ್ನು ಹಿಡಿದಿರುವ ಎರಡು ಕಿವಿಯ ನಟ್ಟುಗಳನ್ನು ತಾಮ್ರದ ಸುತ್ತಿಗೆಯಿಂದ ಒಂದೊಂದೇ ಏಟು ಹೊಡೆದು ಪರೀಕ್ಷಿಸಿದರು. ಎಡಗಡೆಯ ಚಕ್ರಗಳ ನಟ್ಟಿನ ತಿರುಪು ಒಂದು ದಿಕ್ಕಿಗೆ, ಬಲಗಡೆಯದು ಅದರ ವಿರುದ್ಧ ದಿಕ್ಕಿಗೆ. ಕಾರು ಓಡುವಾಗ ನಟ್ಟು ಸಡಿಲವಾಗದೆ ಬಿಗಿಯಾಗುತ್ತಲೇ ಹೋಗಲಿ ಎಂದು ಹಾಗೆ ಮಾಡಿದ್ದಾರೆ. ಆಚೆ ಡಾಕ್ಟರು ತಮ್ಮ ಕಾರಿನ ಬಾಗಿಲಿನ ಗುಂಡಿ ಒತ್ತಿದರು. ಬಾಗಿಲು ತಾನಾಗಿಯೇ ಆಕಾಶಕ್ಕೆ ಎದ್ದು ನಿಂತಿತು. ಪೇಪರ್ ಹಾಕುವ ಹುಡುಗ ಸೈಕಲ್ ನಿಲ್ಲಿಸಿ ಒಮ್ಮೆ ಅದನ್ನು, ಒಮ್ಮೆ ನಮ್ಮ ಹಸಿರು ಟಿಸಿಯನ್ನು ನೋಡಿದ.

ಟಿಸಿಯ ಕೀಲಿ ತಿರುಗಿಸಿದೊಡನೆ ಎಂಜಿನ್ ಸದ್ದಿಗೂ ಮೊದಲು ಕೇಳಿಸುವುದು ಪೆಟ್ರೋಲ್ ಪಂಪಿನ ಟಿಕ್ ಟಿಕ್. ಎರಡು ಕಾರ್ಬುರೇಟರುಗಳ ಬಟ್ಟಲು ತುಂಬುವವರೆಗೆ ಅವಸರದಲ್ಲಿ ಬಡಿದುಕೊಳ್ಳುತ್ತದೆ, ತುಂಬುತ್ತಾ ಬಂದಂತೆ ನಿಧಾನವಾಗುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಸುಮ್ಮನಾಗದಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಪೆಟ್ರೋಲಿಗೆ ಶೇಕಡಾ 20ರಷ್ಟು ಎಥೆನಾಲ್ ಬೆರೆಸತೊಡಗಿದ ಮೇಲೆ ಈ ಸದ್ದಿಗೆ ಇನ್ನಷ್ಟು ಕಿವಿಗೊಡಬೇಕಾಗಿದೆ. ಹಳೆಯ ಕಾಲದ ರಬ್ಬರಿಗೆ ಎಥೆನಾಲ್ ಒಗ್ಗುವುದಿಲ್ಲ, ಅದು ಉಬ್ಬಿ ಬಿರುಕು ಬಿಡುತ್ತದೆ. ಮೇಸ್ತ್ರಿಗಳು ಪೈಪುಗಳನ್ನೂ ಪಂಪಿನ ಡಯಾಫ್ರಮ್ಮನ್ನೂ ಮುಂಚೆಯೇ ಬದಲಾಯಿಸಿದ್ದರು. ಪಂಪು ಸುಮ್ಮನಾಯಿತು. ಚೋಕ್ ಎಳೆದು ಸ್ಟಾರ್ಟರ್ ಗುಂಡಿ ಎಳೆದೆ. ಎಂಜಿನ್ ಕೆಮ್ಮಿತು, ಹತ್ತಿಕೊಂಡಿತು. ಆಯಿಲ್ ಒತ್ತಡದ ಮುಳ್ಳು ಏಳುವುದನ್ನು ಕಣ್ಣಾರೆ ನೋಡಿಯೇ ಕಾಲು ಕದಲಿಸಬೇಕು. ಕೈ ಬ್ರೇಕಿನ ಹಿಡಿಯನ್ನು ಹಿಂದಕ್ಕೆ ಎಳೆದು ಬಿಟ್ಟೆ, ಬ್ರೇಕು ಬಿಟ್ಟುಕೊಂಡಿತು. ಉಳಿದ ಕಾರುಗಳಲ್ಲಿ ಹಿಡಿಯುವುದಕ್ಕೆ ಗುಂಡಿ ಒತ್ತಬೇಕಾಗಿಲ್ಲ, ಇದರಲ್ಲಿ ಒತ್ತಿಯೇ ಹಿಡಿಸಬೇಕು. ರೇಸಿನ ಹೊರಡುಗೆರೆಯಲ್ಲಿ ಒಂದು ಕ್ಷಣವೂ ದಂಡವಾಗಬಾರದೆಂದು ಮಾಡಿದ ವ್ಯವಸ್ಥೆ ಇದು.

ಬನ್ನಿಮಂಟಪ ದಾಟಿ ಹಳೆಯ ಬೆಂಗಳೂರು ರಸ್ತೆಗೆ ಬಂದೆವು. ಟಿಸಿಯಲ್ಲಿ ಚಾಲಕರ ಎದುರಿಗಿರುವುದು ಎಂಜಿನ್ ಎಷ್ಟು ಸುತ್ತುತ್ತಿದೆ ಎಂದು ತೋರಿಸುವ ಮೀಟರು. ವೇಗದ ಮೀಟರು ಇರುವುದು ಪಕ್ಕದವರ ಎದುರಿಗೆ. ಹಾಗಾಗಿ ಮೇಸ್ತ್ರಿಗಳು ಆಗಾಗ “ಮೂವತ್ತೈದು ಅಮ್ಮ”, “ನಲವತ್ತು ಅಮ್ಮ” ಎಂದು ಮೈಲಿಯ ಲೆಕ್ಕದಲ್ಲಿ ಕೂಗಿ ಹೇಳುತ್ತಿದ್ದರು. ಸ್ಟಿಯರಿಂಗ್ ಚಕ್ರ ದೊಡ್ಡದು, ಎದೆಗೆ ಹತ್ತಿರ. ಬಾಗಿಲಿನ ಅಂಚು ತಗ್ಗಾಗಿ ಕೊರೆದಿರುವುದರಿಂದ ಬಲ ಮೊಣಕೈ ಕಾರಿನ ಹೊರಗೇ ಇರುತ್ತದೆ. ರಸ್ತೆಯ ಓರೆಯನ್ನು ಹಿಡಿದು ಕಾರು ಅತ್ತ ಇತ್ತ ಹೊರಳುವುದು ಇದರ ಹುಟ್ಟುಗುಣ. ಬಿಗಿ ಹಿಡಿದಷ್ಟೂ ಹೆಚ್ಚು ಹೊರಳುತ್ತದೆ. “ಎತ್ತಿನ ಗಾಡಿ ಹೊಡೆಯುವವರು ಹಗ್ಗ ಹಿಡಿಯುವ ಹಾಗೆ ಹಿಡಿಯಿರಿ ಅಮ್ಮ, ಅದಕ್ಕೆ ದಾರಿ ಗೊತ್ತು” ಎಂದು ಮೇಸ್ತ್ರಿಗಳು ನನಗೆ ಕಲಿಸುವಾಗ ಹೇಳಿದ್ದ ಮಾತು ಇಂದಿಗೂ ನಿಜ. ಬೆರಳುಗಳನ್ನು ಸಡಿಲ ಬಿಟ್ಟೆ. ಕಾರು ನೆಟ್ಟಗಾಯಿತು.

ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ಮೇಲೆ ಮಂಜು ಕವಿದಿತ್ತು. ಮಡಚಿ ಮಲಗಿಸಬಲ್ಲ ಗಾಜನ್ನು ನಾವು ಎತ್ತಿಯೇ ಇಟ್ಟಿದ್ದೆವು, ಆದರೂ ಮುಖವೆಲ್ಲ ಒದ್ದೆ. ಕಿರಂಗೂರಿನಿಂದ ಪಾಂಡವಪುರದ ದಾರಿ ಹಿಡಿದ ಮೇಲೆ ಕಬ್ಬಿನ ರಾಜ್ಯ. ಕುಂತಿಬೆಟ್ಟದ ಬಂಡೆಗಳು ಮಂಜಿನ ಮೇಲಕ್ಕೆ ತಲೆ ಎತ್ತಿದ್ದವು. ಆಲೆಮನೆಗಳು ಆಗಲೇ ಹತ್ತಿದ್ದವು, ಕುದಿಯುವ ಕಬ್ಬಿನ ಹಾಲಿನ ವಾಸನೆ ರಸ್ತೆಗೆ ಅಡ್ಡಲಾಗಿ ಬಂದು ನಮ್ಮನ್ನು ಹಾಯ್ದು ಹೋಗುತ್ತಿತ್ತು. ಮುಂದೆ ಡಾಕ್ಟರ ಕೆಂಪು ಕಾರು. ಅದರಲ್ಲಿ ಮಾವ ಒಮ್ಮೆಯೂ ಹಿಂತಿರುಗಿ ನೋಡದೆ ಕೂತಿದ್ದರು.

ಜಕ್ಕನಹಳ್ಳಿ ದಾಟಿ ಮೇಲುಕೋಟೆಯ ಏರು ಸಿಕ್ಕಿತು. ಈ ಕಾರನ್ನು ಯಾಕೆ ಪ್ರೀತಿಸುತ್ತಾರೆ ಎಂಬುದಕ್ಕೆ ಉತ್ತರ ಇಂಥ ರಸ್ತೆಯಲ್ಲಿದೆ. ತಿರುವಿಗೆ ಮೊದಲು ಬ್ರೇಕು ಒತ್ತಿ ವೇಗ ಇಳಿಸಬೇಕು. ನಾಲ್ಕೂ ಡ್ರಮ್ ಬ್ರೇಕುಗಳು, ಕಾಲಿನ ಬಲವೇ ಬಲ. ಕ್ಲಚ್ ಒತ್ತಿ ಗೇರನ್ನು ನ್ಯೂಟ್ರಲಿಗೆ ತಂದು, ಕ್ಲಚ್ ಬಿಟ್ಟು, ಆಕ್ಸಿಲರೇಟರಿಗೆ ಒಂದು ತಟ್ಟು ಕೊಟ್ಟು ಎಂಜಿನ್ನಿನ ಸುತ್ತು ಏರಿಸಿ, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರು. ಮೇಲಿನ ಮೂರು ಗೇರುಗಳಿಗೆ ಹಲ್ಲುಗಳ ಸುತ್ತನ್ನು ತಾನೇ ಹೊಂದಿಸುವ ಸಿಂಕ್ರೊಮೆಶ್ ಇದೆ, ಇಷ್ಟೆಲ್ಲ ಮಾಡಲೇಬೇಕೆಂದಿಲ್ಲ. ಆದರೆ ಆ ಹಲ್ಲುಗಳ ವಯಸ್ಸು ನೆನೆದರೆ ಮಾಡದಿರಲು ಮನಸ್ಸು ಬರುವುದಿಲ್ಲ. ಸುತ್ತು ಸರಿಯಾಗಿ ಕೂಡಿದಾಗ ಗೇರಿನ ಹಿಡಿ ತನ್ನಷ್ಟಕ್ಕೆ ತಾನೇ ಒಳಕ್ಕೆ ಸರಿಯುತ್ತದೆ. ಅಂಗೈಗೆ ಅದು ತಿಳಿಯುತ್ತದೆ. ಆಮೇಲೆ ತಿರುವು. ಟಯರಿನ ಅಗಲ ನಾಲ್ಕೂವರೆ ಇಂಚು. ಗಂಟೆಗೆ ನಲವತ್ತೈದು ಕಿಲೋಮೀಟರ್ ವೇಗದಲ್ಲೇ ಅವು ಸಣ್ಣಗೆ ಕಿರುಗುಟ್ಟಿ, ಇನ್ನು ಸಾಕು ಎನ್ನತೊಡಗುತ್ತವೆ. ಆ ಸುದ್ದಿ ಸೊಂಟಕ್ಕೂ ಬೆರಳಿಗೂ ಒಟ್ಟಿಗೆ ಮುಟ್ಟುತ್ತದೆ. ಕಾಲನ್ನು ಕೂದಲೆಳೆಯಷ್ಟು ಸಡಿಲಿಸಿದರೆ ಮುಂಭಾಗ ಒಳಕ್ಕೆ ತಿರುಗುತ್ತದೆ, ಒತ್ತಿದರೆ ಹೊರಕ್ಕೆ ಹರಿಯುತ್ತದೆ. ನಾನು ಏನು ಮಾಡಿದರೂ ಅದಕ್ಕೆ ಆ ಕ್ಷಣವೇ ಉತ್ತರವಿತ್ತು. ಮೇಸ್ತ್ರಿಗಳು ವೇಗ ಹೇಳುವುದನ್ನು ನಿಲ್ಲಿಸಿ ಡ್ಯಾಶಿನ ಅಡಿಯ ಕಂಬಿ ಹಿಡಿದು ಮುಗುಳ್ನಗುತ್ತಿದ್ದರು. ರಸ್ತೆಯ ಪಕ್ಕ ಕುರಿ ಮೇಯಿಸುತ್ತಿದ್ದವರು ನಮ್ಮನ್ನು ನೋಡಿ ಕೈ ಬೀಸುವಷ್ಟು ನಿಧಾನವಾಗಿಯೇ ಹೋಗುತ್ತಿದ್ದೆವು. ಅಷ್ಟರಲ್ಲೇ ಮೈಯೆಲ್ಲ ಕೆಲಸಕ್ಕೆ ತೊಡಗಿತ್ತು, ಮನಸ್ಸು ಬೇರೆಲ್ಲೂ ಇರಲಿಲ್ಲ.

ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು ಪುಳಿಯೋಗರೆ ತಿನ್ನುವಾಗ ಮಾವನಿಂದ ಬಂದ ಮೊದಲ ಮಾತು ನಾನು ನಿರೀಕ್ಷಿಸಿದ್ದಲ್ಲ. “ಕಾವೇರಿ ದಾಟುವಾಗ ನೀರಿನ ಸದ್ದು ಕೇಳಿಸಿತು ಪುಟ್ಟಿ. ಕಾರಿನಲ್ಲಿ ಕೂತು ನಾನು ಅದನ್ನು ಕೇಳಿದ್ದೇ ಇಲ್ಲ” ಎಂದರು. ವಿದ್ಯುತ್ ಕಾರಿನ ಪರವಾಗಿ ಡಾಕ್ಟರು ಹೇಳಿದ್ದ ಎಲ್ಲ ಮಾತಿಗಿಂತ ಇದಕ್ಕೆ ತೂಕ ಹೆಚ್ಚು. ಡಾಕ್ಟರ ಮುಖ ಅರಳಿತು. ಆದರೆ ಬಿಡಬೇಕಲ್ಲ, ಮಾವ ಮುಂದುವರಿಸಿದರು: “ಏರು ಹತ್ತಿದ್ದೇ ಗೊತ್ತಾಗಲಿಲ್ಲ ಡಾಕ್ಟರೇ. ಏರು ಗೊತ್ತಾಗದೆ ಹೋದರೆ ಬೆಟ್ಟಕ್ಕೆ ಬಂದ ಹಾಗಾಗುತ್ತದೆಯೇ?”

ಇಲ್ಲಿ ಮೇಸ್ತ್ರಿಗಳು ಬಾಯಿ ಹಾಕಿದರು. ಜಾವಾ ಬೈಕಿನ ಗೇರು ಗೊತ್ತಲ್ಲವೇ, ಎಂದರು. ಅದರಲ್ಲಿ ಗೇರಿನ ಪೆಡಲನ್ನು ಒತ್ತಿದರೆ ಕ್ಲಚ್ ತಾನೇ ಬಿಟ್ಟುಕೊಳ್ಳುತ್ತದೆ, ಕೈಯಿಂದ ಹಿಡಿಯಬೇಕಾಗಿಲ್ಲ. ಅದೇ ಪೆಡಲನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್. ಸವಾರನ ಕೆಲಸ ಕಡಿಮೆ ಮಾಡುವ ಯುಕ್ತಿ ಹಿಂದಿನವರಿಗೂ ಬೇಕಾಗಿತ್ತು. ಜನ ಆಗ ಅದನ್ನು ಮೆಚ್ಚಿಯೇ ಕೊಂಡರು, ಯಾರೂ ದೂರಲಿಲ್ಲ. “ಸುಲಭ ಮಾಡಿದ್ದು ತಪ್ಪಲ್ಲ ಸಾರ್. ಆದರೆ ಇವರ ಕಾರಿನ ಬಾನೆಟ್ ತೆಗೆದರೆ ನಾನು ಕೈ ಇಡುವ ಜಾಗವೇ ಇಲ್ಲ. ಎಪ್ಪತ್ತೈದು ವರ್ಷ ಆದ ಮೇಲೆ ಇದನ್ನು ಯಾರು ಎಬ್ಬಿಸುತ್ತಾರೆ?” ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಇರಲಿಲ್ಲ. ಟಿಸಿಯ ಕೆಟ್ಟುಹೋದ ಯಾವ ಭಾಗವನ್ನಾದರೂ ಒಳ್ಳೆಯ ಲೇತ್ ಕೆಲಸಗಾರ ತಿರುವಿ ಕೊಡಬಲ್ಲ, ಮರದ ಚೌಕಟ್ಟನ್ನು ಬಡಗಿ ಕಟ್ಟಿಕೊಡಬಲ್ಲ. ಬ್ಯಾಟರಿಯ ಕೋಶಗಳನ್ನೂ ಮೂರು ಪರದೆಗಳ ಹಿಂದಿನ ತಂತ್ರಾಂಶವನ್ನೂ ಕಟ್ಟಿಕೊಡುವ ಬಡಗಿ ಎಲ್ಲಿಂದ ಬರಬೇಕು?

ಡಾಕ್ಟರು ತುಸು ಹೊತ್ತು ಸುಮ್ಮನಿದ್ದು ನನ್ನ ಕಡೆ ತಿರುಗಿದರು. ಅಪಘಾತದ ಗಾಯಾಳುಗಳನ್ನು ದಿನವೂ ನೋಡುವವರು ಅವರು. “ಟಿಸಿಯಲ್ಲಿ ಸೀಟ್ ಬೆಲ್ಟ್ ಇಲ್ಲ. ಏರ್‌ಬ್ಯಾಗ್ ಇಲ್ಲ. ಸ್ಟಿಯರಿಂಗ್ ಕಂಬ ನೇರವಾಗಿ ಎದೆಗೆ ಗುರಿಯಿಟ್ಟಿದೆ. ನಿಮ್ಮ ಮಗಳನ್ನು ಕೂರಿಸಿಕೊಂಡು ಇದರಲ್ಲಿ ಬೆಂಗಳೂರಿಗೆ ಹೋಗುತ್ತೀರಾ ಮೇಡಂ?” ಮಾವ ಎಲೆ ಮಡಚಿಟ್ಟು ನನ್ನ ಮುಖ ನೋಡಿದರು. ಡಾಕ್ಟರ ಕಾರನ್ನೂ ಓಡಿಸಿದ ಮೇಲೆ ಹೇಳುತ್ತೇನೆ ಎಂದೆ.

ಸೈಬರ್‌ಸ್ಟರಿಗೆ ಎರಡು ಮೋಟಾರುಗಳು, 510 ಅಶ್ವಶಕ್ತಿ, 725 ನ್ಯೂಟನ್ ಮೀಟರ್ ತಿರುಚುಬಲ. ತಿರುಚುಬಲವೊಂದನ್ನೇ ಹಿಡಿದರೂ ಟಿಸಿಯ ಎಂಟು ಪಟ್ಟು. ಟಿಸಿ ತನ್ನ ಬಲ ತೋರಿಸಲು ಎಂಜಿನ್ ಎರಡೂವರೆ ಸಾವಿರ ಸುತ್ತು ದಾಟಬೇಕು. ವಿದ್ಯುತ್ ಮೋಟಾರಿನ ಬಲ ಚಕ್ರ ಅಲುಗುವ ಮೊದಲೇ ಪೂರ್ತಿ ಸಿದ್ಧ. ನಿಂತಲ್ಲಿಂದ 100 ಕಿಲೋಮೀಟರ್ ವೇಗಕ್ಕೆ 3.2 ಸೆಕೆಂಡ್ ಎನ್ನುತ್ತದೆ ಕಂಪನಿ. ಟಿಸಿಗೆ ಅದೇ ವೇಗ ಮುಟ್ಟಲು 20 ಸೆಕೆಂಡಿಗೂ ಮೇಲೆ ಬೇಕು. ಚಕ್ರದ ಅಳತೆ ಮಾತ್ರ ಕುತೂಹಲದ್ದು. ಟಿಸಿಯದು 19 ಇಂಚು, ಸೈಬರ್‌ಸ್ಟರಿನದು 20. ಎತ್ತರದಲ್ಲಿ ಇಷ್ಟೇ ವ್ಯತ್ಯಾಸ. ಅಗಲದಲ್ಲಿ ನೋಡಿದರೆ ಹೊಸದರ ಮುಂದಿನ ಟಯರೇ 245 ಮಿಲಿಮೀಟರ್, ಹಳೆಯದರ ಎರಡನ್ನು ಜೋಡಿಸಿದರೂ ಸಾಲದು.

ಮೇಲುಕೋಟೆಯ ಇಳಿಜಾರಿನಲ್ಲಿ, ಬರುವಾಗ ನನ್ನನ್ನು ಅಷ್ಟು ದುಡಿಸಿದ್ದ ತಿರುವುಗಳು ಒಂದೊಂದಾಗಿ ಬಂದು ಹೋದವು. ಕಾರು ಒಂದಿನಿತೂ ವಾಲಲಿಲ್ಲ. ಬ್ಯಾಟರಿಯ ಹಾಸು ನೆಲದಲ್ಲೇ ಇದೆ, ದಪ್ಪ ಬರೀ 110 ಮಿಲಿಮೀಟರ್. ಭಾರವೆಲ್ಲ ಪಾದದ ಮಟ್ಟದಲ್ಲಿರುವುದರಿಂದ ಈ ಸ್ಥಿರತೆ. ಇಳಿಜಾರಿನಲ್ಲಿ ಕಾಲು ತೆಗೆದರೆ ಮೋಟಾರು ಜನರೇಟರಾಗಿ ತಿರುಗಿ ಕಾರನ್ನು ತಡೆಹಿಡಿಯುತ್ತದೆ, ಬೆಟ್ಟ ಹತ್ತಿ ಗಳಿಸಿದ ಶಕ್ತಿಯಲ್ಲಿ ಒಂದು ಪಾಲು ಬ್ಯಾಟರಿಗೆ ಮರಳುತ್ತದೆ. ಇದು ನನಗೆ ತುಂಬಾ ಹಿಡಿಸಿತು. ನಮ್ಮ ಹಿಂದೆ ಮಾವ ಎರಡನೇ ಗೇರಿನಲ್ಲಿ ಎಂಜಿನ್ನಿನ ತಡೆಯಿಂದಲೇ ಟಿಸಿಯನ್ನು ಇಳಿಸಿಕೊಂಡು ಬರುತ್ತಿದ್ದರು. ಯಂತ್ರವನ್ನೇ ಬ್ರೇಕು ಮಾಡಿಕೊಳ್ಳುವ ಹಳೆಯ ಚಾಲಕರ ಅಭ್ಯಾಸ ಹೊಸ ಕಾರಿನಲ್ಲಿ ಇನ್ನಷ್ಟು ಚೆನ್ನಾಗಿ ಬದುಕಿದೆ. ಆದರೆ ಸ್ಟಿಯರಿಂಗ್ ನನಗೆ ಏನನ್ನೂ ಹೇಳಲಿಲ್ಲ. ವಿದ್ಯುತ್ ಮೋಟಾರು ಸೋಸಿ ಕೊಡುವ ಆ ಸ್ಪರ್ಶದಲ್ಲಿ ರಸ್ತೆ ನುಣುಪೋ ತರಿಯೋ, ಟಯರು ಹಿಡಿತದ ಅಂಚಿಗೆ ಬಂದಿದೆಯೋ ಇಲ್ಲವೋ ಒಂದೂ ತಿಳಿಯದು. ಅಂಚು ಅಷ್ಟು ದೂರದಲ್ಲಿದೆ. ಆ ರಸ್ತೆಯಲ್ಲಿ ನಾನು ಅದರ ಹತ್ತಿರಕ್ಕೂ ಹೋಗುವಂತಿರಲಿಲ್ಲ, ಹೋಗಲೂಬಾರದು.

ಜಕ್ಕನಹಳ್ಳಿಯಿಂದ ಪಾಂಡವಪುರದ ಕಡೆಗೆ ಬರುವಾಗ, ಎಪ್ಪತ್ತರ ವೇಗದಲ್ಲಿದ್ದಾಗ, ಎಡಕ್ಕೆ ತಿರುಗುವ ರಸ್ತೆಯನ್ನು ಕಬ್ಬು ಪೂರ್ತಿ ಮರೆಮಾಡಿತ್ತು. ಅದರಾಚೆ ಗದ್ದೆಯ ಜಾಡಿನಿಂದ ಎರಡು ಟ್ರೇಲರ್ ಕಬ್ಬು ಹೇರಿದ ಟ್ರ್ಯಾಕ್ಟರ್ ಟಾರು ರಸ್ತೆಗೆ ಏರುತ್ತಾ ಅಡ್ಡಲಾಗಿ ನಿಂತಿತ್ತು. ನಾನು ಬ್ರೇಕಿನ ಮೇಲೆ ನಿಂತೆ. ಬೆಲ್ಟು ಎದೆಯನ್ನು ಹಿಂದಕ್ಕೆ ಸೆಳೆದು ಹಿಡಿಯಿತು, ಪೆಡಲು ಪಾದದಡಿಯಲ್ಲಿ ನಡುಗಿತು, ಎರಡು ಟನ್ನಿಗೆ ಸಮೀಪದ ಕಾರು ಕೂದಲೆಳೆಯಷ್ಟೂ ಓರೆಯಾಗದೆ ನಿಂತಿತು. ಟ್ರೇಲರಿನ ಕಬ್ಬಿನ ಗರಿಗಳು ಇನ್ನೂ ದೂರದಲ್ಲೇ ಇದ್ದವು. ಎಂಜಿನ್ನಿನ ಅಬ್ಬರದಲ್ಲಿ ಟ್ರ್ಯಾಕ್ಟರಿನ ಹುಡುಗನಿಗೆ ನಾವು ಬಂದದ್ದೂ ನಿಂತದ್ದೂ ತಿಳಿಯಲಿಲ್ಲ. ಡಾಕ್ಟರು ಮುಂದಕ್ಕೆ ಚಾಚಿದ್ದ ಕೈಯನ್ನು ಮಡಿಲಿಗೆ ತಂದುಕೊಂಡರು, ಏನೂ ಹೇಳಲಿಲ್ಲ. ಹಿಂದಿನ ಕನ್ನಡಿಯಲ್ಲಿ ನೋಡಿದೆ. ಮಾವ ಬಹಳ ಹಿಂದೆ, ಯಾವ ಗಾಬರಿಯೂ ಇಲ್ಲದೆ ವೇಗ ಇಳಿಸಿಕೊಂಡು ಬರುತ್ತಿದ್ದರು. ಟಿಸಿ ಓಡಿಸುವಾಗ ಅವರು ಮುಂದಿನ ವಾಹನದಿಂದ ಅರ್ಧ ಫರ್ಲಾಂಗಾದರೂ ದೂರವಿರುತ್ತಾರೆ, ಕಾಣದ ತಿರುವಿಗೆ ಮೊದಲು ಹಾರನ್ ಹೊಡೆದು ಗೇರು ಇಳಿಸಿರುತ್ತಾರೆ. ಅವರ ಬ್ರೇಕು ಇರುವುದು ಆ ಅಂತರದಲ್ಲಿ.

ಅಲ್ಲಿಂದ ಮುಂದೆ ನನ್ನ ಮನಸ್ಸಿನಲ್ಲಿ ಲೆಕ್ಕ ನಡೆದೇ ಇತ್ತು. ಟಿಸಿಯಲ್ಲಿದ್ದರೆ ಆ ತಿರುವಿಗೆ ಎಪ್ಪತ್ತರಲ್ಲಿ ಬರುತ್ತಲೇ ಇರಲಿಲ್ಲ, ಕಾರೇ ಬಿಡುತ್ತಿರಲಿಲ್ಲ. ಸೈಬರ್‌ಸ್ಟರಿನಲ್ಲಿ ಎಪ್ಪತ್ತು ಎಂದರೆ ನಡೆದ ಹಾಗೆ, ವೇಗದ ಭಯವೇ ಮೈಗೆ ತಾಕುವುದಿಲ್ಲ. ಹಾಗೆಂದು ಹಳೆಯದೇ ಕ್ಷೇಮ ಎನ್ನುವ ಮಾತನ್ನು ನಾನು ಒಪ್ಪಲಾರೆ. ರಸ್ತೆಯಲ್ಲಿ ನಾವೊಬ್ಬರೇ ಇರುವುದಿಲ್ಲ. ಟ್ರ್ಯಾಕ್ಟರ್ ನಿಂತಿರುವ ಬದಲು ಎದುರಿನಿಂದ ಬಂದು ಗುದ್ದಿದ್ದರೆ ಮಾವನ ಎಚ್ಚರ ಆಶ್ ಮರದ ಚೌಕಟ್ಟಿಗೆ ಬಲ ತುಂಬುತ್ತಿರಲಿಲ್ಲ.

ಶ್ರೀರಂಗಪಟ್ಟಣದ ಬಳಿ ಟಿಸಿ ಹಳೆಯ ರಸ್ತೆಯಲ್ಲಿ ಮೈಸೂರಿಗೆ ಹೋಯಿತು. ನಾವು 2023ರಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್ ಹೆದ್ದಾರಿ ಹತ್ತಿ ಮಂಡ್ಯದವರೆಗೆ ಹೋಗಿ ಬಂದೆವು. ಡಾಕ್ಟರ ಕಾರಿಗೆ ಅದರ ರಸ್ತೆ ಸಿಗಬೇಕಲ್ಲ. ಹೆದ್ದಾರಿಗೆ ಸೇರುವ ದಾರಿಯಲ್ಲಿ ಒಮ್ಮೆ ಪೆಡಲನ್ನು ಪೂರ್ತಿ ಒತ್ತಿದೆ. ಬೆನ್ನು ಸೀಟಿಗೆ ಅಂಟಿತು, ಕುತ್ತಿಗೆ ಹಿಂದಕ್ಕೆ ಹೋಯಿತು, ಉಸಿರು ಎಳೆದುಕೊಳ್ಳುವಷ್ಟರಲ್ಲಿ ವೇಗದ ಮಿತಿಯಾದ 100 ಬಂದೇಬಿಟ್ಟಿತು. ಅಲ್ಲಿಗೆ ಕಾಲು ಸಡಿಲಿಸಬೇಕಾಯಿತು. ಕ್ಯಾಮೆರಾಗಳ ಮಾತು ಹಾಗಿರಲಿ, ಆ ಮಿತಿ ಇರುವುದೇ ಸರಿ. ಆ ಮೂರು ನಾಲ್ಕು ಸೆಕೆಂಡುಗಳ ರೋಮಾಂಚನ ನಿಜವಾದದ್ದು, ಅಂಥದ್ದನ್ನು ಟಿಸಿ ಎಂದೂ ಕೊಡಲಾರದು. ಆದರೆ ಆಮೇಲೆ ಮಂಡ್ಯದವರೆಗೂ ನಾನು ಹಿಡಿದು ಕೂತದ್ದು ಬಹಳ ಚೆನ್ನಾದ, ಬಹಳ ನಿಶ್ಶಬ್ದವಾದ ಒಂದು ಕಾರನ್ನು, ಅಷ್ಟೇ. ಅದರ ಐದನೇ ಒಂದು ಪಾಲನ್ನೂ ನಾನು ಬಳಸುತ್ತಿರಲಿಲ್ಲ. ಬೆಳಗ್ಗೆ ಬೆಟ್ಟದ ಏರಿನಲ್ಲಿ ಟಿಸಿಯಲ್ಲಿದ್ದುದೆಲ್ಲವನ್ನೂ ಬಳಸಿದ್ದೆ, ನನ್ನಲ್ಲಿದ್ದುದನ್ನೂ ಬಳಸಿದ್ದೆ.

ಇದು ಹಳೆಯದಕ್ಕೂ ಹೊಸದಕ್ಕೂ ನಡುವಿನ ವ್ಯಾಜ್ಯ ಎಂದು ಮಾವ ಮತ್ತು ಡಾಕ್ಟರು ತಿಳಿದಿದ್ದಾರೆ. ನನಗೆ ಇದು ತೂಕದ ವ್ಯಾಜ್ಯವಾಗಿ ಕಾಣುತ್ತದೆ. ಟಿಸಿ 800 ಕಿಲೋದ ಆಸುಪಾಸು. ಸೈಬರ್‌ಸ್ಟರ್ ಅದರ ಎರಡೂವರೆ ಪಟ್ಟು. ಬ್ಯಾಟರಿ, ಏರ್‌ಬ್ಯಾಗು, ಅಪ್ಪಳಿಸಿದರೆ ಮುದುಡಿ ಒಳಗಿನವರನ್ನು ಕಾಯುವ ಉಕ್ಕು, ಎಸಿ, ಹೀಗೆ ಒಂದೊಂದಕ್ಕೂ ಸಕಾರಣವಾಗಿಯೇ ತೂಕ ಸೇರಿದೆ. ತೂಕ ಏರಿದ ಮೇಲೆ ಅಗಲದ ಟಯರು ಬೇಕು, ದೊಡ್ಡ ಬ್ರೇಕು ಬೇಕು, ಸ್ಟಿಯರಿಂಗಿಗೆ ಮೋಟಾರಿನ ನೆರವು ಬೇಕು. ಒಂದೊಂದು ಸೇರಿದಂತೆಯೂ ಚಾಲಕರ ಬೆರಳಿಗೂ ರಸ್ತೆಗೂ ನಡುವೆ ಒಂದೊಂದು ಪದರ ಕೂಡಿಕೊಳ್ಳುತ್ತದೆ. ಹಗುರವಾಗಿ ಮಾಡಿದರೆ ಹೊಸ ಕಾಲದ ಕಾರೂ ಮಾತಾಡುತ್ತದೆ ಎನ್ನಲು ಸಾಕ್ಷಿ ಇದೆ. ಎಂಜಿಯಂಥ ಬ್ರಿಟಿಷ್ ರೋಡ್‌ಸ್ಟರುಗಳನ್ನೇ ಮಾದರಿಯಾಗಿಟ್ಟುಕೊಂಡು ಜಪಾನಿನ ಮಾಜ್ದಾ 1989ರಲ್ಲಿ ಎಂಎಕ್ಸ್-5 ಎಂಬ ಎರಡು ಸೀಟಿನ ಪುಟ್ಟ ಕಾರು ತಂದಿತು. ತೂಕ ಒಂದು ಟನ್ನಿನ ಸುತ್ತಮುತ್ತ, ಶಕ್ತಿಯೂ ಹೆಚ್ಚೇನಿಲ್ಲ. 2016ರ ಹೊತ್ತಿಗೆ ಹತ್ತು ಲಕ್ಷ ಕಾರುಗಳು ತಯಾರಾಗಿದ್ದವು. ನಮ್ಮ ದೇಶದಲ್ಲಿ ಅಂಥದ್ದೊಂದು ಸಿಗುವಂತಿದ್ದರೆ ಯಾದವಗಿರಿಯ ಗೇಟಿನ ಬಳಿಯ ಚರ್ಚೆಯ ದಿಕ್ಕೇ ಬೇರೆಯಾಗುತ್ತಿತ್ತು.

ಮನೆ ತಲುಪಿದಾಗ ಟಿಸಿ ಆಗಲೇ ಬಂದು ನಿಂತಿತ್ತು. ಮೇಸ್ತ್ರಿಗಳು ಚಕ್ರದ ಗುಂಬಗಳನ್ನು ಮುಟ್ಟಿ ಶಾಖ ನೋಡುತ್ತಿದ್ದರು. ಡಾಕ್ಟರು ಮೇಲುಕೋಟೆಯ ಪ್ರಶ್ನೆಯನ್ನು ಮರೆತಿರಲಿಲ್ಲ.

ಟಿಸಿಯಲ್ಲಿ ಮಗಳನ್ನು ಕೂರಿಸಿಕೊಂಡು ಬೆಂಗಳೂರಿಗೆ ಹೋಗುವುದಿಲ್ಲ ಎಂದು ಹೇಳಿದೆ. ಹೆದ್ದಾರಿಗೆ ಡಾಕ್ಟರ ಕಾರಿನಲ್ಲಿರುವಂಥ ಬ್ರೇಕು, ಬೆಲ್ಟು, ಉಕ್ಕು ಬೇಕೇ ಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಅವಳಿಗೆ ಹದಿನೆಂಟು ತುಂಬಿ ಕಲಿಯುವವರ ಲೈಸೆನ್ಸ್ ಬಂದ ಮೇಲೆ ಕಾರು ಕಲಿಸುವುದು ಟಿಸಿಯಲ್ಲೇ, ಲಲಿತಮಹಲ್ ಪಕ್ಕದ ಮೈದಾನದಲ್ಲಿ. ಟಯರು ಜಾರುವುದು ಎಂದರೇನು, ಗೇರಿಗೂ ಎಂಜಿನ್ನಿಗೂ ಸುತ್ತು ಕೂಡುವುದು ಎಂದರೇನು, ನಿಲ್ಲಿಸಲು ಎಷ್ಟು ದೂರ ಬೇಕು, ಇವೆಲ್ಲ ಅವಳಿಗೆ ಸೈಕಲ್ಲಿನ ವೇಗದಲ್ಲೇ ಮೈಗೆ ಹತ್ತಬೇಕು. ಆಮೇಲೆ ಅವಳು ಯಾವ ಕಾರು ಓಡಿಸಿದರೂ ನಾನು ನೆಮ್ಮದಿಯಿಂದ ಪಕ್ಕದಲ್ಲಿ ಕೂರುತ್ತೇನೆ.

ಮಾವ ಒಪ್ಪಿದರು. ಮೇಸ್ತ್ರಿಗಳು, ಹಾಗಾದರೆ ಕ್ಲಚ್ ಪ್ಲೇಟು ಒಂದು ಜೊತೆ ಈಗಲೇ ತರಿಸಿಡಬೇಕು ಎಂದರು. ಡಾಕ್ಟರು ಸ್ವಲ್ಪ ಹೊತ್ತು ಯೋಚಿಸಿ, ಮುಂದಿನ ಭಾನುವಾರ ಆ ಮೈದಾನಕ್ಕೆ ತಾವೂ ಬರಬಹುದೇ, ಎರಡು ಸಲ ಕ್ಲಚ್ ಒತ್ತುವುದನ್ನು ತಮಗೂ ಕಲಿಸುತ್ತೀರಾ ಎಂದು ಮೇಸ್ತ್ರಿಗಳನ್ನು ಕೇಳಿದರು.